ದೂರದ ದೊಡ್ಡಾಸ್ಪತ್ರೆಯೋ, ಹತ್ತಿರದ ವಾರ್ಡೋ? ಮಾನಸಿಕ ಚಿಕಿತ್ಸೆಗೆ ಅಡ್ಮಿಟ್ ಆಗುವ ಮುಂಚೆ

ಮನೆಯಲ್ಲಿ ಒಬ್ಬರಿಗೆ ಮನಸ್ಸಿನ ಕಾಯಿಲೆ ಜೋರಾಗಿದೆ. ಮನೆಯಲ್ಲಿಟ್ಟುಕೊಂಡು ಆಗಲ್ಲ, ಅಡ್ಮಿಟ್ ಮಾಡಿ ಅಂತ ಡಾಕ್ಟರ್ ಹೇಳಿದ್ದಾರೆ. ಎಲ್ಲಿ ಮಾಡುವುದು ಅನ್ನುವುದೇ ಈಗಿನ ಜಗಳ. ಒಬ್ಬರು ‘ದೂರವಾದರೂ ದೊಡ್ಡ ಆಸ್ಪತ್ರೆಗೇ ಹೋಗಿ’ ಅನ್ನುತ್ತಾರೆ. ಇನ್ನೊಬ್ಬರು ‘ಹತ್ತಿರದಲ್ಲೇ ಇರಲಿ, ಹೋಗಿ ಬರೋಕೆ ಅನುಕೂಲ’ ಅನ್ನುತ್ತಾರೆ. ಮೂರನೆಯವರು ಮೆಲ್ಲಗೆ ‘ದೂರ ಆದ್ರೆ ಯಾರಿಗೂ ಗೊತ್ತಾಗಲ್ಲ’ ಅನ್ನುತ್ತಾರೆ. ಕಾಯಿಲೆ ಬಂದವರ ಮಾತನ್ನು ಮಾತ್ರ ಯಾರೂ ಕೇಳಿರುವುದಿಲ್ಲ.

ಇಂಥ ಗೊಂದಲದಲ್ಲಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಅಡ್ಮಿಟ್ ಆಗುವ ದಿನವನ್ನು ಮನಸ್ಸಲ್ಲಿಟ್ಟುಕೊಂಡು ಆಸ್ಪತ್ರೆ ಆರಿಸುತ್ತಾರೆ. ಕಟ್ಟಡ ಹೇಗಿದೆ, ಹೆಸರು ಎಷ್ಟಿದೆ, ಎಂಥ ಡಾಕ್ಟರ್ ಇದ್ದಾರೆ, ಇಷ್ಟೇ. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲಿನ ಮೊದಲ ತಿಂಗಳು ಹೇಗಿರುತ್ತದೆ ಅಂತ ಯೋಚಿಸಿ ಆರಿಸಿದರೆ ಉತ್ತರ ಎಷ್ಟೋ ಸಲ ಬೇರೆಯೇ ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಹೋಲಿಕೆ, ಲೆಕ್ಕಾಚಾರ ಏನೂ ಬೇಡ. ಇವತ್ತು ಜೀವಕ್ಕೇ ಅಪಾಯ ಇದೆ ಅನಿಸಿದರೆ ಹತ್ತಿರದ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ. ಸಾಯುವ ಮಾತಾಡುತ್ತಿದ್ದಾರೆ, ಊಟ ನೀರು ಬಿಟ್ಟಿದ್ದಾರೆ, ಕಲ್ಲಿನ ಹಾಗೆ ಅಲ್ಲಾಡದೆ ಕೂತಿದ್ದಾರೆ, ಜ್ವರದ ಜೊತೆ ಗೊಂದಲ ಇದೆ ಅಂದರೆ ದೂರದ ಪ್ರಯಾಣ ಬೇಡವೇ ಬೇಡ. ಮೊದಲು ಹತ್ತಿರದಲ್ಲಿ ಸ್ಥಿತಿ ಹತೋಟಿಗೆ ಬರಲಿ. ಉಳಿದದ್ದು ಆಮೇಲೆ.

ಏನನ್ನು ತೂಗಬೇಕು

ಮೊದಲನೆಯದು ಪ್ರಯಾಣ. ಮೈ ಕಾಯಿಲೆಯವರನ್ನು ದೂರ ಕರೆದುಕೊಂಡು ಹೋಗುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಬೈಪೋಲಾರ್ (ಮನಸ್ಸು ಕೆಲವು ಕಾಲ ಅತಿಯಾಗಿ ಏರಿ, ಕೆಲವು ಕಾಲ ಕುಸಿಯುವ ಕಾಯಿಲೆ) ಇರುವವರಿಗೆ ಉನ್ಮಾದ, ಅಂದರೆ ಆ ಏರಿದ ಸ್ಥಿತಿ, ಶುರುವಾಗಿದೆ ಅಂದುಕೊಳ್ಳಿ. ಒಂದು ರಾತ್ರಿ ನಿದ್ದೆಗೆಟ್ಟು ಪ್ರಯಾಣ ಮಾಡಿದರೆ ಸಾಕು, ಉನ್ಮಾದ ಇನ್ನೊಂದು ಹಂತ ಮೇಲೆ ಹೋಗಬಹುದು. ಕುಡಿತ ಬಿಡಿಸಲು ಹೊರಟವರ ವಿಷಯ ಇನ್ನೂ ಸೂಕ್ಷ್ಮ. ದಿನವೂ ಜಾಸ್ತಿ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಮೈ ನಡುಗಿ, ಇಲ್ಲದ್ದು ಕಂಡು, ದಿಕ್ಕು ತಪ್ಪಿದ ಹಾಗೆ ಆಗಬಹುದು. ಅದು ಪ್ರಾಣಕ್ಕೇ ತೊಂದರೆ ಕೊಡುವ ಸ್ಥಿತಿ. ‘ನಾಳೆ ಆಸ್ಪತ್ರೆಗೆ ಹೋಗ್ಬೇಕು, ಇವತ್ತೇ ನಿಲ್ಲಿಸಿಬಿಡು’ ಅಂತ ಹೇಳಿ ರಾತ್ರಿ ಗಾಡಿ ಹತ್ತಿಸುವುದು ಒಳ್ಳೆ ಮನಸ್ಸಿನಿಂದಲೇ ಆಗುವ ಅನಾಹುತ.

ಎರಡನೆಯದು, ದೂರದಲ್ಲಿ ಸಿಕ್ಕಿ ಹತ್ತಿರದಲ್ಲಿ ಸಿಗದೇ ಇರುವುದು ನಿಜವಾಗಿ ಏನು? ಇದನ್ನು ಒಂದು ವಾಕ್ಯದಲ್ಲಿ ಹೇಳಲು ಆಗಬೇಕು. ‘ಬಾಣಂತಿಯನ್ನೂ ಮಗುವನ್ನೂ ಒಟ್ಟಿಗೆ ಇಟ್ಟುಕೊಳ್ಳುವ ವಾರ್ಡ್ ಇದೆ’ ಅನ್ನುವುದು ಉತ್ತರ. ‘ಅಲ್ಲಿ ಚೆನ್ನಾಗಿ ನೋಡ್ತಾರಂತೆ’ ಅನ್ನುವುದು ಉತ್ತರ ಅಲ್ಲ. ಖಿನ್ನತೆ, ಚಿತ್ತವಿಕಲತೆ (ಸ್ಕಿಜೋಫ್ರೇನಿಯಾ), ಬೈಪೋಲಾರ್‌ಗೆ ಮೊದಲು ಕೊಡುವ ಮಾತ್ರೆಗಳು ಸಾಮಾನ್ಯವಾಗಿ ಎಲ್ಲ ಕಡೆ ಅವೇ.

ಮೂರನೆಯದು ಭಾಷೆ. ಇದನ್ನು ಜನ ತೀರಾ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಮೂಳೆ ಮುರಿದರೆ ಎಕ್ಸ್‌ರೇ ಮಾತಾಡುತ್ತದೆ. ಮನಸ್ಸಿನ ಕಾಯಿಲೆಯಲ್ಲಿ ರೋಗಿಯ ಮಾತೇ ಎಕ್ಸ್‌ರೇ. ‘ಎದೆ ಉರಿಯುತ್ತೆ, ಜೀವ ಬೇಜಾರಾಗಿದೆ’ ಅನ್ನುವುದನ್ನು ಅರ್ಧಂಬರ್ಧ ಬರುವ ಭಾಷೆಯಲ್ಲಿ ಹೇಳಿದರೆ ಕೇಳುವವರಿಗೆ ಅರ್ಧವೇ ತಲುಪುತ್ತದೆ. ಡಾಕ್ಟರಿಗೆ ಭಾಷೆ ಬಂದರೆ ಸಾಲದು. ರಾತ್ರಿ ಪಾಳಿಯ ನರ್ಸಿಗೂ, ವಾರ್ಡಿನ ಸಹಾಯಕರಿಗೂ ಬರಬೇಕು. ರಾತ್ರಿ ಎರಡು ಗಂಟೆಗೆ ಭಯವಾದಾಗ ಹತ್ತಿರ ಇರುವವರು ಅವರೇ. ಜೊತೆಗೆ ಬಂದ ಅಣ್ಣನೋ ಅಕ್ಕನೋ ಅನುವಾದ ಮಾಡಲಿ ಅಂದರೆ ಇನ್ನೊಂದು ತೊಡಕು: ಅಣ್ಣನ ಬಗ್ಗೆಯೇ ಹೇಳಬೇಕಾದ್ದನ್ನು ಅಣ್ಣನ ಬಾಯಿಂದ ಹೇಳಿಸಲು ಆಗುವುದಿಲ್ಲ.

ನಾಲ್ಕನೆಯದು, ಜೊತೆಗೆ ಇರುವವರು ಯಾರು, ಎಷ್ಟು ದಿನ? ಐದನೆಯದು, ಮನೆಗೆ ಬಂದ ಮೇಲೆ ಯಾರ ಕೈಗೆ ಒಪ್ಪಿಸುತ್ತಾರೆ? ಆರನೆಯದು ದುಡ್ಡು. ಏಳನೆಯದು, ನಿಜವಾಗಿ ಮೊದಲೇ ಬರಬೇಕಾದದ್ದು, ಕಾಯಿಲೆ ಬಂದವರ ಇಷ್ಟ.

ಐದನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮನೋರೋಗ ವಾರ್ಡಿನಿಂದ ಡಿಸ್ಚಾರ್ಜ್ ಆದ ಮೊದಲ ಕೆಲವು ವಾರ ಆತ್ಮಹತ್ಯೆಯ ಅಪಾಯ ಎಲ್ಲಕ್ಕಿಂತ ಹೆಚ್ಚು ಇರುತ್ತದೆ ಅನ್ನುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ವಿಷಯ. ಅದಕ್ಕೇ ಬ್ರಿಟನ್ನಿನ 2016ರ ಚಿಕಿತ್ಸಾ ಮಾರ್ಗಸೂಚಿ, ಮನೆಗೆ ಕಳಿಸಿದ 7 ದಿನದೊಳಗೆ ಒಮ್ಮೆ ನೋಡಲೇಬೇಕು, ಆತ್ಮಹತ್ಯೆಯ ಅಪಾಯ ಇದೆ ಎಂದು ಗುರುತಿಸಿದ್ದರೆ 48 ಗಂಟೆಯೊಳಗೇ ನೋಡಬೇಕು ಎನ್ನುತ್ತದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಈ ಸಾವುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡುತ್ತಿರುವ ತಂಡವೊಂದಿದೆ. ಸುರಕ್ಷಿತ ಆರೈಕೆಗೆ ಬೇಕಾದ ಹತ್ತು ಅಂಶಗಳ ಪಟ್ಟಿಯನ್ನು ಅವರು ಕೊಟ್ಟಿದ್ದಾರೆ. ಡಿಸ್ಚಾರ್ಜ್ ಆದ ಕೂಡಲೇ ಫಾಲೋಅಪ್ ಅನ್ನುವುದು ಅದರಲ್ಲೊಂದು. ಜೋರು ಕಾಯಿಲೆಯವರನ್ನು ತಮ್ಮ ಪ್ರದೇಶದ ಆಚೆ ಅಡ್ಮಿಟ್ ಮಾಡದಿರುವುದು ಇನ್ನೊಂದು. ಎರಡೂ ಒಂದೇ ಪಟ್ಟಿಯಲ್ಲಿ ಇರುವುದು ಸುಮ್ನೆ ಅಲ್ಲ. ದೂರದ ಆಸ್ಪತ್ರೆಯವರು ಕೊಟ್ಟ ಫಾಲೋಅಪ್ ತಾರೀಖು ಪ್ರಯಾಣದ ಕಷ್ಟಕ್ಕೆ ಹೆದರಿ ತಪ್ಪುತ್ತದೆ. ಹತ್ತಿರದ ಡಾಕ್ಟರಿಗೆ ಇವರ ಕಥೆಯೇ ಗೊತ್ತಿರುವುದಿಲ್ಲ. ನಡುವೆ ರೋಗಿ ಒಬ್ಬಂಟಿ.

ದೂರದ ಪರಿಣತ ಆಸ್ಪತ್ರೆ

ಇದರ ಬಲ ನಿಜವಾದದ್ದೇ. ಕೆಲವು ಕಾಯಿಲೆಗಳಿಗೆ ಎಷ್ಟು ದೂರವಾದರೂ ಹೋಗಲೇಬೇಕು ಅಂತ ನಾನೇ ಹೇಳುತ್ತೇನೆ.

ಹೆರಿಗೆಯಾದ ಮೊದಲ ಎರಡು ವಾರದಲ್ಲಿ ಹೆಚ್ಚಾಗಿ ಶುರುವಾಗುವ ಬಾಣಂತಿ ಸನ್ನಿ ಇಂಥದ್ದು. ಸಾವಿರ ಹೆರಿಗೆಗಳಲ್ಲಿ ಒಂದೆರಡು ತಾಯಂದಿರಿಗೆ ಬರುತ್ತದೆ, ಬಂದರೆ ಗಂಟೆಗಳಲ್ಲಿ ಏರುತ್ತದೆ. ಮಗುವನ್ನು ಬೇರೆ ಮಾಡದೆ ತಾಯಿಗೆ ಚಿಕಿತ್ಸೆ ಕೊಡುವ ತಾಯಿ-ಮಗು ಘಟಕಗಳು ಎಲ್ಲ ಕಡೆ ಇಲ್ಲ. ಇರುವ ಕಡೆ ಹಾಸಿಗೆ ಸಿಕ್ಕರೆ, ಮತ್ತು ಪ್ರಯಾಣ ಸುರಕ್ಷಿತ ಅಂತ ಡಾಕ್ಟರ್ ಹೇಳಿದರೆ, ದೂರ ಲೆಕ್ಕಕ್ಕೆ ಬರಬಾರದು. ಊಟ ಬಿಟ್ಟು ಮೂಳೆ ಚಕ್ಕಳವಾಗಿರುವ ಅನೊರೆಕ್ಸಿಯಾದವರದ್ದೂ ಹೀಗೇ. ತುಂಬಾ ಸೊರಗಿದ ದೇಹಕ್ಕೆ ಅವಸರದಲ್ಲಿ ಊಟ ಕೊಟ್ಟರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಶಿಯಂ ಕುಸಿದು ಹೃದಯಕ್ಕೆ ಪೆಟ್ಟು ಬೀಳಬಹುದು. ಇದು ಗೊತ್ತಿರುವ ತಂಡವೇ ಬೇಕು. ಹದಿಹರೆಯದವರನ್ನು ದೊಡ್ಡವರ ವಾರ್ಡಿಗೆ ಸೇರಿಸುವುದಕ್ಕಿಂತ ಸ್ವಲ್ಪ ದೂರದ ಮಕ್ಕಳ ಘಟಕ ಎಷ್ಟೋ ವಾಸಿ, ಅಪ್ಪ ಅಮ್ಮ ಯಾರಾದರೂ ಒಬ್ಬರು ಜೊತೆಗೆ ಇರಲು ಬಿಡುವುದಾದರೆ. ಎರಡು ಮೂರು ಔಷಧಿಗಳನ್ನು ಸರಿಯಾದ ಡೋಸಿನಲ್ಲಿ, ಸಾಕಷ್ಟು ದಿನ ಕೊಟ್ಟು ನೋಡಿಯೂ ಜಗ್ಗದ ಕಾಯಿಲೆಗೆ, ಇದು ನಿಜವಾಗಿ ಅದೇ ಕಾಯಿಲೆಯಾ ಅಂತ ಮತ್ತೊಮ್ಮೆ ಬುಡದಿಂದ ನೋಡಿಸಲು ಪರಿಣತ ಆಸ್ಪತ್ರೆ ಒಳ್ಳೆಯದು.

ಇನ್ನು ಅದರ ಬೆಲೆ. ದುಡ್ಡಿನದ್ದಲ್ಲ, ಉಳಿದದ್ದು.

ದೂರದಲ್ಲಿ ಶುರು ಮಾಡಿದ ಔಷಧಿ ಹತ್ತಿರದಲ್ಲಿ ಮುಂದುವರಿಯಬೇಕು. ಕ್ಲೋಜಪಿನ್ ಒಂದನ್ನೇ ನೋಡಿ. ಬೇರೆ ಮಾತ್ರೆಗೆ ಬಗ್ಗದ ಚಿತ್ತವಿಕಲತೆಗೆ ಇದಕ್ಕಿಂತ ಒಳ್ಳೆ ಔಷಧಿ ಇಲ್ಲ. ಇದು ಬಿಳಿ ರಕ್ತಕಣ ಇಳಿಸಬಹುದು ಅಂತ ಹಲವು ದೇಶಗಳಲ್ಲಿ ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಇನ್ನೊಂದು ಮುಖ್ಯ ವಿಷಯ: 48 ಗಂಟೆಗಿಂತ ಜಾಸ್ತಿ ಮಾತ್ರೆ ತಪ್ಪಿದರೆ ಹಳೇ ಡೋಸನ್ನೇ ನುಂಗುವ ಹಾಗಿಲ್ಲ. ಮತ್ತೆ ಚಿಕ್ಕ ಡೋಸಿನಿಂದ, 12.5 ಮಿಲಿಗ್ರಾಂನಿಂದ, ಮೆಟ್ಟಿಲು ಹತ್ತಬೇಕು. ಈಗ ಕಣ್ಣ ಮುಂದೆ ತಂದುಕೊಳ್ಳಿ. ಡಿಸ್ಚಾರ್ಜ್ ಆದ ದಿನ ಮಾತ್ರೆಯ ಚೀಲ ದೊಡ್ಡ ಬ್ಯಾಗಿನ ತಳದಲ್ಲಿ ಸೇರಿದೆ. ಒಂದು ರಾತ್ರಿ ಪ್ರಯಾಣ. ಮರುದಿನ ಸುಸ್ತು, ಎಲ್ಲರೂ ಮಲಗಿದ್ದಾರೆ. ಮೂರನೇ ದಿನ ಬ್ಯಾಗ್ ಬಿಚ್ಚಿ, ‘ಅಯ್ಯೋ ಮಾತ್ರೆ’ ಅಂತ ಪೂರ್ತಿ ಡೋಸ್ ಕೊಡುತ್ತಾರೆ. ಫೋನ್ ಮಾಡಿ ಕೇಳೋಣ ಅಂದರೆ ದೂರದ ಆಸ್ಪತ್ರೆಯ ನಂಬರ್ ಬಿಲ್ಲಿಂಗ್ ಕೌಂಟರಿಗೆ ಹೋಗುತ್ತದೆ. ಹತ್ತಿರದ ಡಾಕ್ಟರ್ ‘ನಾವು ಶುರು ಮಾಡಿದ್ದಲ್ಲ’ ಅನ್ನುತ್ತಾರೆ.

ಬೈಪೋಲಾರ್‌ಗೆ ಕೊಡುವ ಲಿಥಿಯಂ ಶುರು ಮಾಡಿದರೂ ಇದೇ ಚಿಂತೆ. ಕೊನೆಯ ಡೋಸ್ ತೆಗೆದುಕೊಂಡ 12 ಗಂಟೆಗೆ ರಕ್ತ ಕೊಟ್ಟು ಮಟ್ಟ ನೋಡಿಸಬೇಕು. ಪ್ರಯಾಣದಲ್ಲಿ ನೀರು ಕಮ್ಮಿ ಕುಡಿದರೆ, ವಾಂತಿ ಭೇದಿ ಆದರೆ, ತಲೆನೋವಿಗೆ ಅಂತ ಐಬುಪ್ರೊಫೆನ್ ನುಂಗಿದರೆ ಲಿಥಿಯಂ ಮಟ್ಟ ಏರಿ ವಿಷವಾಗಬಹುದು. ಈ ಪರೀಕ್ಷೆ ಮಾಡುವ ಲ್ಯಾಬ್ ಮನೆಯ ಹತ್ತಿರ ಇದೆಯಾ ಅಂತ ಹೊರಡುವ ಮುಂಚೆಯೇ ವಿಚಾರಿಸಿ.

ಹಾಗಾಗಿ ದೂರದ ಆಸ್ಪತ್ರೆ ಹೊಂದುವುದು ಯಾರಿಗೆ? ಬೇಕಾದ ಸೌಲಭ್ಯ ಹತ್ತಿರ ಖಂಡಿತ ಇಲ್ಲ, ಕೊನೆ ಪಕ್ಷ ಒಬ್ಬರು ಜೊತೆಗಿರಲು ಸಾಧ್ಯ, ವಾಪಸ್ ಬಂದ ಮೇಲೆ ನೋಡಲು ಹತ್ತಿರದ ಡಾಕ್ಟರೊಬ್ಬರು ಒಪ್ಪಿದ್ದಾರೆ. ಮೂರೂ ಇದ್ದರೆ ಧೈರ್ಯವಾಗಿ ಹೋಗಿ. ಮೂರನೆಯದು ಇಲ್ಲದಿದ್ದರೆ ಮೊದಲು ಅದನ್ನು ಮಾಡಿಕೊಳ್ಳಿ.

ಹತ್ತಿರದ ಜನರಲ್ ಆಸ್ಪತ್ರೆಯ ಮನೋರೋಗ ವಾರ್ಡ್

ಇದರ ಬಗ್ಗೆ ಜನಕ್ಕೆ ಅಷ್ಟಾಗಿ ಗೌರವ ಇಲ್ಲ. ‘ಅಲ್ಲಿ ಏನಿದೆ, ನಾಲ್ಕು ಮಂಚ’ ಅನ್ನುತ್ತಾರೆ. ಆದರೆ ಮಂಚ ಕಮ್ಮಿ ಇರುವುದು ದೋಷವೇ ಅಲ್ಲ. ಇಟಲಿಯಲ್ಲಿ 1978ರಲ್ಲಿ 180ನೇ ನಂಬರಿನ ಕಾನೂನು ತಂದು ದೊಡ್ಡ ಮಾನಸಿಕ ಆಸ್ಪತ್ರೆಗಳಿಗೆ ಹೊಸಬರನ್ನು ಸೇರಿಸುವುದನ್ನೇ ನಿಲ್ಲಿಸಿದರು. ಬದಲಿಗೆ ಜನರಲ್ ಆಸ್ಪತ್ರೆಗಳ ಒಳಗೇ 15 ಹಾಸಿಗೆ ಮೀರದ ಚಿಕ್ಕ ವಾರ್ಡುಗಳನ್ನು ಇಟ್ಟರು. ಆ ಬದಲಾವಣೆಗೆ ದಾರಿ ತೋರಿದವರು ಮನೋವೈದ್ಯ ಫ್ರಾಂಕೊ ಬಸಾಲಿಯಾ. ರೋಗಿಯನ್ನು ಅವರ ಬದುಕಿನಿಂದ ಕಿತ್ತು ದೂರ ಇಡಬಾರದು ಅನ್ನುವುದು ಅದರ ಹಿಂದಿನ ಯೋಚನೆ.

ಚಿಕ್ಕ ವಾರ್ಡಿನ ಅನುಕೂಲ ಸಣ್ಣ ಸಣ್ಣ ವಿಷಯಗಳಲ್ಲಿ ಕಾಣುತ್ತದೆ. ತಂಗಿ ಕೆಲಸ ಮುಗಿಸಿಕೊಂಡು ಸಂಜೆ ಬಂದು ಅರ್ಧ ಗಂಟೆ ಕೂತು ಹೋಗುತ್ತಾಳೆ. ಒಂದು ರಾತ್ರಿ ಮನೆಯಲ್ಲಿ ಮಲಗಿ ನೋಡಿ, ಹೇಗಾಗುತ್ತೆ ಅಂತ ಡಾಕ್ಟರ್ ಕಳಿಸಬಹುದು. ಸರಿಹೋಗದಿದ್ದರೆ ಮರುದಿನ ವಾಪಸ್. ಇದು ದೂರದಿಂದ ಆಗುವ ಕೆಲಸವೇ ಅಲ್ಲ. ಅಡ್ಮಿಟ್ ಮಾಡಿದ ಡಾಕ್ಟರೇ ಆಮೇಲೂ ನೋಡುವುದರಿಂದ ಕಥೆಯನ್ನು ಮೊದಲಿಂದ ಹೇಳುವ ಕಷ್ಟ ತಪ್ಪುತ್ತದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರಿಗೆ ಪಕ್ಕದ ಮಹಡಿಯಲ್ಲೇ ಆ ಡಾಕ್ಟರೂ ಇರುತ್ತಾರೆ.

ವಯಸ್ಸಾದವರಿಗೆ ಇದು ದೊಡ್ಡ ಮಾತು. ನಿನ್ನೆವರೆಗೆ ಸರಿಯಾಗಿದ್ದ ಅಜ್ಜಿ ಇವತ್ತು ಏನೇನೋ ಬಡಬಡಿಸುತ್ತಿದ್ದಾರೆ ಅಂದರೆ ಅದು ‘ಹುಚ್ಚು’ ಅಲ್ಲ. ಮೂತ್ರದ ಸೋಂಕು, ಸೋಡಿಯಂ ಇಳಿತ, ಹೊಸ ಮಾತ್ರೆಯ ಅಡ್ಡ ಪರಿಣಾಮ, ಹೀಗೆ ದೇಹದ ಕಾರಣವೇ ಇರುವ ಸಾಧ್ಯತೆ ಜಾಸ್ತಿ. ಅವರನ್ನು ಗೊತ್ತಿಲ್ಲದ ಜಾಗಕ್ಕೆ ದೂರ ಸಾಗಿಸಿದರೆ ಗೊಂದಲ ಹೆಚ್ಚುತ್ತದೆ. ಹತ್ತಿರದ ಜನರಲ್ ಆಸ್ಪತ್ರೆಯೇ ಸರಿ.

ಕೊರತೆಗಳೂ ಇವೆ. ಮಾತಿನ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞರು ಇರದೇ ಇರಬಹುದು. ಹಗಲಿಡೀ ಮಾಡಲು ಏನೂ ಇಲ್ಲದೆ ರೋಗಿಗಳು ಗೋಡೆ ನೋಡಿಕೊಂಡು ಕೂರುವ ವಾರ್ಡುಗಳೂ ಇವೆ. ಗುರುತಿನವರು ಕಾಣುತ್ತಾರೆ ಅನ್ನುವ ಸಂಕೋಚ ಇನ್ನೊಂದು.

ಈ ಸಂಕೋಚದ ಬಗ್ಗೆ ಒಂದು ಮಾತು. ‘ಯಾರಿಗೂ ಗೊತ್ತಾಗಬಾರದು’ ಅನ್ನುವ ಒಂದೇ ಕಾರಣಕ್ಕೆ ದೂರ ಹೋಗುವವರು ಬಹಳ. ಅದನ್ನು ನಾನು ಹಾಸ್ಯ ಮಾಡುವುದಿಲ್ಲ. ಕೆಲಸ, ಮದುವೆ, ಬಾಡಿಗೆ ಮನೆ, ಎಲ್ಲಕ್ಕೂ ಜನರ ಬಾಯಿ ಅಡ್ಡ ಬರುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಆ ಗುಟ್ಟನ್ನು ಕಾಯುತ್ತಾ ಮನೆಯ ಹತ್ತಿರದ ಡಾಕ್ಟರಿಗೂ ಹೇಳದೆ ಇದ್ದರೆ, ಹಬೆ ಏರಿದ ಕುಕ್ಕರಿನ ಸೀಟಿಯನ್ನು ಕೈಯಲ್ಲಿ ಒತ್ತಿ ಹಿಡಿದ ಹಾಗೆ. ಗುಟ್ಟು ಬೇಕಿದ್ದರೆ ಇರಲಿ. ಒಬ್ಬ ಡಾಕ್ಟರು, ಮನೆಯ ಹೊರಗಿನ ಒಬ್ಬ ನಂಬಿಕಸ್ಥರು, ಇಬ್ಬರಿಗಾದರೂ ಗೊತ್ತಿರಲಿ.

ಅಡ್ಮಿಟ್ ಆಗದೇ ಚಿಕಿತ್ಸೆ

ಇದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಹಗಲು ಆಸ್ಪತ್ರೆಗೆ ಹೋಗಿ ಸಂಜೆ ಮನೆಗೆ ಬರುವ ವ್ಯವಸ್ಥೆ ಕೆಲವು ಕಡೆ ಇದೆ. ಜೋರು ಕಾಯಿಲೆಯಲ್ಲೂ, ಇದಕ್ಕೆ ಹೊಂದುವ ರೋಗಿಗಳನ್ನು ಆರಿಸಿ ಹೋಲಿಸಿ ನೋಡಿದಾಗ, ಒಳರೋಗಿಗಳಿಗಿಂತ ಇವರೇನೂ ಹಿಂದೆ ಬೀಳಲಿಲ್ಲ ಅಂತ ಅಧ್ಯಯನಗಳು ಹೇಳುತ್ತವೆ. ತಂಡವೇ ಮನೆಗೆ ಬಂದು ದಿನಕ್ಕೆ ಒಂದೆರಡು ಸಲ ನೋಡಿಹೋಗುವ ಏರ್ಪಾಡೂ ಕೆಲವು ದೇಶಗಳಲ್ಲಿದೆ. ಮನೆಯಲ್ಲಿ ಯಾರಾದರೂ ಸದಾ ಇದ್ದರೆ, ರೋಗಿ ಮಾತ್ರೆಗೆ ಒಪ್ಪಿದ್ದರೆ, ಅಪಾಯ ಕಮ್ಮಿ ಇದ್ದರೆ, ‘ಅಡ್ಮಿಟ್ ಆಗಲೇಬೇಕಾ?’ ಅಂತ ಒಮ್ಮೆ ಕೇಳಿ ನೋಡಿ. ಮನೆಯೇ ಜಗಳದ ಜಾಗವಾಗಿದ್ದರೆ, ನೋಡಿಕೊಳ್ಳುವವರು ವಾರಗಟ್ಟಲೆ ನಿದ್ದೆ ಕಂಡಿಲ್ಲದಿದ್ದರೆ ಇದು ಬೇಡ.

ನಡುವಿನ ದಾರಿ: ಹೋಗಿ ನೋಡಿಸಿ, ಬೇಗ ವಾಪಸ್

ನನಗೆ ಜಾಸ್ತಿ ಹಿಡಿಸಿದ್ದು ಇದು. ಎರಡು ರೀತಿಯಲ್ಲಿ ಮಾಡಬಹುದು. ಮೊದಲು ಹತ್ತಿರದಲ್ಲಿ ಅಡ್ಮಿಟ್ ಆಗಿ, ಜೋರು ಇಳಿದ ಮೇಲೆ ದೂರದ ಪರಿಣತರ ಹತ್ತಿರ ಹೋಗಿ ಕಾಯಿಲೆ ಯಾವುದು, ಚಿಕಿತ್ಸೆ ಹೇಗೆ ಅಂತ ಗೊತ್ತು ಮಾಡಿಕೊಳ್ಳುವುದು ಒಂದು. ದೂರದಲ್ಲಿ ಚಿಕಿತ್ಸೆ ಶುರು ಮಾಡಿ, ಅರ್ಧದಲ್ಲಿ ಹತ್ತಿರದ ವಾರ್ಡಿಗೆ ವರ್ಗವಾಗುವುದು ಇನ್ನೊಂದು.

ಉದಾಹರಣೆಗೆ ಇಸಿಟಿ. ಮಿದುಳಿಗೆ ಸ್ವಲ್ಪ ಹೊತ್ತು ವಿದ್ಯುತ್ ಹಾಯಿಸುವ ಚಿಕಿತ್ಸೆ, ಜನ ಶಾಕ್ ಟ್ರೀಟ್‌ಮೆಂಟ್ ಅನ್ನುತ್ತಾರೆ. ಈಗ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸಿ ಮಾಡುತ್ತಾರೆ. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಒಟ್ಟು 6ರಿಂದ 12 ಸಲ. ಅಂದರೆ ಎರಡು ವಾರದಿಂದ ಆರು ವಾರದವರೆಗೆ ಆಗುತ್ತದೆ. ಪೂರ್ತಿ ಅವಧಿ ದೂರದಲ್ಲಿ ಇರಲು ಆಗದಿದ್ದರೆ, ಉಳಿದ ಸರದಿಗಳನ್ನು ಹತ್ತಿರದ ಆಸ್ಪತ್ರೆಯಲ್ಲಿ ಮಾಡಿಸಬಹುದಾ ಅಂತ ಮೊದಲ ದಿನವೇ ಕೇಳಿ. ಕೊನೆಯ ದಿನ ಕೇಳಿದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಈ ದಾರಿಯ ತೊಂದರೆ ಏನೆಂದರೆ ಇಬ್ಬರು ಡಾಕ್ಟರುಗಳ ನಡುವೆ ಮಾತುಕತೆ ಆಗಬೇಕು. ಅದು ತಾನಾಗಿ ಆಗುವುದು ಅಪರೂಪ. ಮನೆಯವರೇ ಓಡಾಡಿ ಆಗಿಸಬೇಕು.

ನೆಂಟರು ಇರುವ ಪೇಟೆಯ ಆಸ್ಪತ್ರೆ ಅನ್ನುವುದೂ ಒಂದು ಆಯ್ಕೆ. ಚಿಕ್ಕಪ್ಪನ ಮನೆ ಇದೆ, ಅಕ್ಕ ಭಾವ ಇದ್ದಾರೆ, ಹಾಗಾಗಿ ಅಲ್ಲೇ ಅನ್ನುತ್ತಾರೆ. ಮೊದಲ ವಾರಕ್ಕೆ ಇದು ಚೆನ್ನ. ಆಮೇಲೆ ಆ ಮನೆಯವರಿಗೂ ಸಾಕಾಗುತ್ತದೆ. ಎಷ್ಟು ದಿನ, ಯಾರು ಊಟ ಒಯ್ಯುವುದು, ಡಿಸ್ಚಾರ್ಜ್ ಆದ ಮೇಲೆ ಅವರ ಮನೆಯಲ್ಲಿ ಉಳಿಯುವುದಾ ಇಲ್ಲವಾ, ಎಲ್ಲವನ್ನೂ ಬಾಯಿ ಬಿಟ್ಟು ಮಾತಾಡಿಕೊಳ್ಳಿ. ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಪುನರ್ವಸತಿ ಕೇಂದ್ರಗಳ ಬಗ್ಗೆ ಇಷ್ಟೇ ಹೇಳುತ್ತೇನೆ: ಲೈಸೆನ್ಸ್ ಇದೆಯಾ ನೋಡಿ, ಮನೆಯವರು ಯಾವಾಗ ಬೇಕಾದರೂ ಬಂದು ಮಾತಾಡಿಸಲು ಬಿಡುತ್ತಾರಾ ಕೇಳಿ. ‘ಮೊದಲ ಮೂರು ತಿಂಗಳು ಫೋನೂ ಇಲ್ಲ, ಭೇಟಿಯೂ ಇಲ್ಲ’ ಅಂದರೆ ಅಲ್ಲಿಂದ ಎದ್ದು ಬನ್ನಿ.

ದುಡ್ಡಿನ ಲೆಕ್ಕ

ಆಸ್ಪತ್ರೆ ಬಿಲ್ ಒಂದನ್ನೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ದೂರದ ಆಸ್ಪತ್ರೆ ಉಚಿತವೇ ಇರಬಹುದು. ಜೊತೆಗಿರುವವರ ಊಟ, ರೂಮು, ಅವರು ಕಳೆದುಕೊಂಡ ಕೂಲಿ ಅಥವಾ ರಜೆ, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಖರ್ಚು, ಮುಂದಿನ ಒಂದು ವರ್ಷದ ಫಾಲೋಅಪ್ ಓಡಾಟ, ಎಲ್ಲವನ್ನೂ ಕೂಡಿಸಿ. ಎಷ್ಟೋ ಸಲ ಹತ್ತಿರದ ಖಾಸಗಿ ಆಸ್ಪತ್ರೆಯೇ ಕಮ್ಮಿ ಬೀಳುತ್ತದೆ. ಇನ್ಶೂರೆನ್ಸ್ ಇದ್ದರೆ ಮಾನಸಿಕ ಕಾಯಿಲೆಗೆ ಒಳರೋಗಿ ಚಿಕಿತ್ಸೆ ಸೇರಿದೆಯಾ, ಆ ಆಸ್ಪತ್ರೆ ಅವರ ಪಟ್ಟಿಯಲ್ಲಿದೆಯಾ ಅಂತ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಕೈಯಲ್ಲಿ ಸ್ವಲ್ಪವೇ ದುಡ್ಡು ಇದ್ದರೆ, ಅದನ್ನು ಒಳ್ಳೆ ರೂಮಿಗೆ ಹಾಕಬೇಡಿ. ಡಿಸ್ಚಾರ್ಜ್ ಆದ ಮೇಲಿನ ರಕ್ತ ಪರೀಕ್ಷೆಗೆ, ಮಾತ್ರೆಗೆ, ಮನೆಯಲ್ಲಿ ಒಬ್ಬರು ಎರಡು ವಾರ ರಜೆ ಹಾಕಿ ಕೂರುವುದಕ್ಕೆ ಎತ್ತಿಡಿ.

ರೋಗಿಯನ್ನು ಕೇಳಿದಿರಾ?

ಜೋರು ಕಾಯಿಲೆಯಲ್ಲಿ ಇರುವವರಿಗೆ ಏನು ಗೊತ್ತಾಗುತ್ತೆ ಅಂತ ಬಿಟ್ಟುಬಿಡುತ್ತಾರೆ. ಎಲ್ಲಿ ಅಡ್ಮಿಟ್ ಅನ್ನುವುದು ಒಪ್ಪದಿದ್ದರೂ, ಯಾರು ಜೊತೆಗೆ ಬರಬೇಕು, ಯಾರಿಗೆ ಹೇಳಬಾರದು ಅನ್ನುವುದನ್ನು ಅವರು ಸ್ಪಷ್ಟವಾಗಿ ಹೇಳಬಲ್ಲರು. ಸುಳ್ಳು ಹೇಳಿ ದೂರ ಕರೆದುಕೊಂಡು ಹೋಗುವುದನ್ನು, ‘ಸುಮ್ನೆ ಸುತ್ತಾಡಿ ಬರೋಣ’ ಅನ್ನುವುದನ್ನು ಮಾಡಬೇಡಿ. ಮುಂದಿನ ಸಲ ನಿಜ ಹೇಳಿದರೂ ಅವರು ಗಾಡಿ ಹತ್ತುವುದಿಲ್ಲ.

ಕಾಯಿಲೆ ಬಂದು ಹೋಗುವ ಸ್ವಭಾವದ್ದಾಗಿದ್ದರೆ, ಚೆನ್ನಾಗಿರುವಾಗಲೇ ಇದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು: ಮತ್ತೆ ಜೋರಾದರೆ ಎಲ್ಲಿಗೆ, ಯಾವ ಔಷಧಿ ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು. ಹಲವು ದೇಶಗಳ ಕಾನೂನಿನಲ್ಲಿ ಇಂಥ ಮುಂಚಿತ ನಿರ್ದೇಶನಕ್ಕೆ ಜಾಗ ಇದೆ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲೂ ಇದೆ, ಪ್ರತಿನಿಧಿಯನ್ನು ಹೆಸರಿಸುವ ಹಕ್ಕೂ ಇದೆ. ಒಪ್ಪಿಗೆ ಇಲ್ಲದೆ ಎಷ್ಟು ದಿನ ಇಟ್ಟುಕೊಳ್ಳಬಹುದು, ಯಾರಿಗೆ ದೂರು ಕೊಡಬಹುದು ಅನ್ನುವ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ಗಡಿ ದಾಟಿ ಅಡ್ಮಿಟ್ ಆಗುವುದಾದರೆ ಅಲ್ಲಿನ ನಿಯಮವೇ ಲೆಕ್ಕಕ್ಕೆ ಬರುತ್ತದೆ.

ಹೊರಡುವ ಮುಂಚೆ ಫೋನಿನಲ್ಲಿ ಕೇಳಿ

ಹಾಸಿಗೆ ಖಾಲಿ ಇದೆಯಾ ಅನ್ನುವುದು ಮೊದಲ ಪ್ರಶ್ನೆ. ‘ಬನ್ನಿ, ನೋಡೋಣ’ ಅನ್ನುವ ಉತ್ತರ ನಂಬಿ ದೂರ ಹೊರಡಬೇಡಿ. ಒಬ್ಬರು ವಾರ್ಡಿನಲ್ಲೇ ಜೊತೆಗಿರಬೇಕಾ, ಇರಬಾರದಾ? ಎರಡೂ ಥರದ ಆಸ್ಪತ್ರೆಗಳಿವೆ. ರೋಗಿ ಮನೆಗೆ ಫೋನ್ ಮಾಡಬಹುದಾ, ಯಾವ ಹೊತ್ತಲ್ಲಿ? ಡಿಸ್ಚಾರ್ಜ್ ಆದ ಮೇಲೆ ಮಾತ್ರೆಯ ಬಗ್ಗೆ ಅನುಮಾನ ಬಂದರೆ ಯಾರ ನಂಬರ್? ವಿಡಿಯೋದಲ್ಲಿ ಫಾಲೋಅಪ್ ಮಾಡುತ್ತಾರಾ? ನಮ್ಮ ಹತ್ತಿರದ ಡಾಕ್ಟರಿಗೆ ಪತ್ರ ಕೊಡುತ್ತಾರಾ? ಕೊನೆಯ ಮೂರಕ್ಕೆ ಸರಿಯಾದ ಉತ್ತರ ಕೊಡುವ ಆಸ್ಪತ್ರೆಗೆ ನಾನು ಒಂದು ಅಂಕ ಜಾಸ್ತಿ ಕೊಡುತ್ತೇನೆ.

ಇದುವರೆಗೆ ಕೊಟ್ಟ ಔಷಧಿಗಳ ಹೆಸರು, ಡೋಸ್, ಎಷ್ಟು ತಿಂಗಳು, ಯಾಕೆ ನಿಲ್ಲಿಸಿದ್ದು, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಒಯ್ಯಿರಿ. ಹಳೇ ಚೀಟಿಗಳ ಕಂತೆಯನ್ನು ಯಾರೂ ಪೂರ್ತಿ ಓದುವುದಿಲ್ಲ.

ಆಯ್ಕೆಯೇ ಇಲ್ಲದಿದ್ದಾಗ

ಹತ್ತಿರ ಹಾಸಿಗೆ ಸಿಗದೆ ದೂರ ಕಳಿಸುವುದು ಶ್ರೀಮಂತ ದೇಶಗಳಲ್ಲೂ ಇದೆ. ಇಂಗ್ಲೆಂಡಿನಲ್ಲಿ ಜನರನ್ನು ಹೀಗೆ ದೂರದ ಆಸ್ಪತ್ರೆಗಳಿಗೆ ಸಾಗಿಸುವುದನ್ನು 2020-21ರ ಹೊತ್ತಿಗೆ ನಿಲ್ಲಿಸುತ್ತೇವೆ ಅಂತ ಸರ್ಕಾರ 2016ರಲ್ಲಿ ಹೇಳಿತು. ಗಡುವು ದಾಟಿದ ಮೇಲೂ ಅದು ನಿಲ್ಲಲಿಲ್ಲ.

ಹಾಗೆ ದೂರ ಹೋಗಲೇಬೇಕಾಗಿ ಬಂದರೆ ಮೊದಲ ವಾರದಲ್ಲೇ ಎರಡು ಕೆಲಸ ಮಾಡಿ. ಹತ್ತಿರದ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಾದ ಕೂಡಲೇ ವರ್ಗ ಮಾಡಿ ಅಂತ ಎರಡೂ ಕಡೆ ಬರಹದಲ್ಲಿ ಕೊಡಿ. ದಿನಾ ಒಂದೇ ಹೊತ್ತಿಗೆ, ಒಬ್ಬರೇ ಫೋನ್ ಮಾಡುವ ಪದ್ಧತಿ ಇಟ್ಟುಕೊಳ್ಳಿ. ಹತ್ತು ಜನ ಹತ್ತು ಹೊತ್ತಲ್ಲಿ ಮಾಡಿ ‘ಹೇಗಿದ್ದೀಯ’ ಅಂತ ಕೇಳಿದರೆ ರೋಗಿಗೆ ಉತ್ತರ ಹೇಳಿ ಹೇಳಿ ಸುಸ್ತು. ನರ್ಸ್‌ಗಳಿಗೂ ಕಿರಿಕಿರಿ.

ಡಿಸ್ಚಾರ್ಜ್ ದಿನ ಕೌಂಟರ್ ಬಿಟ್ಟು ಏಳುವ ಮುಂಚೆ ಸಮ್ಮರಿಯನ್ನು ಅಲ್ಲೇ ಓದಿ. 1-0-1 ಅಂತ ಇದ್ದರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತಲೇ ಅರ್ಥವಾ ಕೇಳಿ ಖಚಿತ ಮಾಡಿಕೊಳ್ಳಿ. ಮುಂದಿನ ರಕ್ತ ಪರೀಕ್ಷೆಯ ತಾರೀಖು ಬರೆಸಿಕೊಳ್ಳಿ. ಹತ್ತಿರದ ಡಾಕ್ಟರ ಅಪಾಯಿಂಟ್‌ಮೆಂಟನ್ನು, ಆ ವಾರದೊಳಗಿನದ್ದನ್ನು, ಅಲ್ಲಿಂದಲೇ ಫೋನ್ ಮಾಡಿ ತೆಗೆದುಕೊಳ್ಳಿ. ದಾರಿಯಲ್ಲಿ ನುಂಗಬೇಕಾದ ಮಾತ್ರೆಗಳನ್ನು ದೊಡ್ಡ ಬ್ಯಾಗಿಗೆ ಹಾಕದೆ ಜೊತೆಗಿರುವವರ ಕೈಚೀಲದಲ್ಲಿ ಇಡಿ.